ಹೈವೇಯಲ್ಲೇ ಇದ್ದ ಟ್ಯಾಂಕರ್

ರೊಟ್ಟಿ ಬಡಿಯುತ್ತಿದ್ದ ನನ್ನ ಮೂಗಿಗೆ ಸ್ಪಿರಿಟ್ ಘಾಟು ಬಡಿಯಿತು. ಹೊರಗೆ ಬಂದರೆ, ಬೆಲ್ಲದ ಬಾಗೇವಾಡಿಯ ನಮ್ಮ ಖಾನಾವಳಿ ಎದುರಿಗೇ ಟ್ಯಾಂಕರೊಂದು ನಿಂತಿತ್ತು. ಅದರ ವಾಲ್ವಿನಿಂದ ಸ್ಪಿರಿಟ್ ಸೋರಿ ಗಟಾರಕ್ಕೆ ಹರಿಯುತ್ತಿತ್ತು. ಒಳಗೆ ನನ್ನ ಎರಡೂ ಕಟ್ಟಿಗೆ ಒಲೆಗಳು ಧಗಧಗ ಉರಿಯುತ್ತಿದ್ದವು! ಒಳಗೆ ಓಡಿಹೋಗಿ ಒಲೆಗಳ ಮೇಲೆ ಕೊಡಗಟ್ಟಲೆ ನೀರು ಸುರಿದೆ. ಚಾಲಕ ಎಲ್ಲೂ ಕಾಣಲಿಲ್ಲ. ಟ್ಯಾಂಕರಿನ ಹಿಂದೆ ‘ಈ ವಾಹನ ಉಪಗ್ರಹದ ನಿಗಾದಲ್ಲಿದೆ’ ಎಂದು ದೊಡ್ಡದಾಗಿ ಬರೆದು, ಕೆಳಗೊಂದು ತುರ್ತು ನಂಬರ್ ಕೊಟ್ಟಿದ್ದರು. ದೂರ ಹೋಗಿ ಫೋನ್ ಮಾಡಿದೆ.

ಗಾಡಿ ನಂಬರ್ ಕೇಳಿಕೊಂಡ ಆಸಾಮಿ ನಕ್ಕ. “ಆ ಗಾಡಿ ಕಣಗಲಾ ಹೈವೇದಾಗ ಐತ್ರಿ. ನನ್ನ ಮುಂದ ಸ್ಕ್ರೀನ್ ಮ್ಯಾಲೆ ಕಾಣಾಕತ್ತೈತಿ. ಸುಳ್ಳ ಯಾಕ ಹೇಳ್ತೀರಿ ಬಾಯಾರ?”

“ನಿನ್ನ ಸ್ಕ್ರೀನಿಗೆ ಮೂಗ ಐತೇನೋ?” ಎಂದು ಕಿರುಚಿದೆ. ಫೋನ್ ಇಟ್ಟುಬಿಟ್ಟ.

ಅಷ್ಟರಲ್ಲಿ ಹಿಂದಿನ ಓಣಿಯಿಂದ ಚಾಲಕ ಎಂಜಲು ಕೈಯಲ್ಲೇ ಓಡಿ ಬಂದು ವಾಲ್ವ್ ಬಿಗಿ ಮಾಡಿದ. ಬೈದೆ. ತಲೆ ತಗ್ಗಿಸಿ ಹೇಳಿದ: “ಮನಿಗೆ ಊಟಕ್ಕ ಬಂದಿದ್ನ್ರಿ ಅಕ್ಕಾರ. ರೂಟ್ ಬಿಟ್ಟಿದ್ದ ಗೊತ್ತಾದ್ರ ಕೆಲಸದಿಂದ ತಗೀತಾರ. ಅದಕ್ಕ ಜಿಪಿಎಸ್ ಡಬ್ಬಿ ಬಿಚ್ಚಿ, ಕಣಗಲಾದ ಢಾಬಾದಾಗ ಬ್ಯಾಟರಿಗೆ ಹಚ್ಚಿಟ್ಟ ಬಂದೇನಿ.”

ಅವತ್ತು ಬೆಂಕಿ ಹತ್ತಲಿಲ್ಲ. ಹತ್ತದ ಬೆಂಕಿಯ ಬಗ್ಗೆ ವಿಚಾರಿಸಲು ಯಾರೂ ಬರಲೂ ಇಲ್ಲ. ಆ ಸ್ಕ್ರೀನಿನ ಪ್ರಕಾರ ನಮ್ಮೂರಲ್ಲಿ ಏನೂ ನಡೆದಿಲ್ಲ. ಈಗಲೂ ಉಪಗ್ರಹದ ನಿಗಾ ಎಂದು ಬರೆದ ಟ್ಯಾಂಕರ್ ಕಂಡರೆ ನಾನು ಮೊದಲು ಒಲೆ ಆರಿಸುತ್ತೇನೆ.