ನೀರು ಚಿಮುಕಿಸಿದ ಹಸಿರು ತಟ್ಟೆಗಳು

ಅವರ ಬೆರಳ ತುದಿಗಳು ಎಷ್ಟು ಒರಟಾಗಿದ್ದವೆಂದರೆ, ಸೆರಗು ಹಿಡಿದು ಕರೆದರೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಚುಚ್ಚಿ ಹಾಗಾದ ಬೆರಳುಗಳು. ಹಿರಿಯೂರಿನ ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿ ಅವರ ಊಟದೆಲೆಯ ಅಂಗಡಿ, ಅದರ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಊರಿಗೆಲ್ಲ ಅವರು ಎಲೆ ಅಂಗಡಿ ಅಕ್ಕ.

ಒಣಗಿದ ಎಲೆ ಮುಟ್ಟಿದರೆ ಮುರಿಯುತ್ತದೆ. ಅದಕ್ಕೇ ಅವರು ಬೆಳಗ್ಗೆ ಬಾಗಿಲು ತೆಗೆದವರೇ ಚೊಂಬಿನಿಂದ ಕಟ್ಟುಗಳ ಮೇಲೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸುವರು. ಆಮೇಲೆ ಹಣೆಗೆ ವಿಭೂತಿ, ಆಮೇಲೆ ಕಾಫಿ. ಕಟ್ಟು ಕೈಗಿಡುವಾಗ ಒಂದು ಮಾತು ತಪ್ಪುತ್ತಿರಲಿಲ್ಲ: "ಉಂಡಾದ್ಮ್ಯಾಲೆ ತಿಪ್ಪೆಗೆ ಎಸೀಬ್ಯಾಡ್ರಿ, ದನಕ್ಕೆ ಹಾಕ್ರಿ. ಅದೂ ಒಂದು ಜೀವ ಉಣ್ಲಿ."

ಒಂದು ಬೇಸಿಗೆಯ ಮದುವೆ ಕಾಲದಲ್ಲಿ ಯಾವುದೋ ಕಂಪನಿಯ ಏಜೆಂಟ್ ಹಸಿರು ಕಾಗದದ ತಟ್ಟೆಗಳನ್ನು ತಂದಿಳಿಸಿದ. ಕಟ್ಟಿನ ಮೇಲೆ ಎಲೆಯ ಚಿತ್ರ, ಕೆಳಗೆ 'ಮಣ್ಣಿನಿಂದ ಮಣ್ಣಿಗೆ' ಎಂಬ ಬರಹ. ಅಕ್ಕ ಅದನ್ನು ಅಕ್ಷರ ಕೂಡಿಸಿ ಓದಿ, "ಇದೂ ಎಲೆ ಜಾತೀದೇ ಬಿಡು" ಎಂದರು. ಮಗಳ ಸೀಮಂತಕ್ಕೆ ನಾನು ಅವನ್ನೇ ಒಯ್ದೆ. ಕೊಡುವಾಗ ಅಕ್ಕ ಅದೇ ಮಾತು ಹೇಳಿದರು. ಊಟ ಮುಗಿದ ಮೇಲೆ, ಪಾಯಸ, ಚಿತ್ರಾನ್ನ ಮೆತ್ತಿದ ತಟ್ಟೆಗಳನ್ನು ಹಿತ್ತಿಲಲ್ಲಿದ್ದ ನಮ್ಮ ಗಬ್ಬದ ಹಸುವಿನ ಮುಂದೆ ಸುರಿದೆ. ನೆಕ್ಕಿ, ಅಗಿದು, ಒಂದೊಂದಾಗಿ ನುಂಗಿತು.

ಮಾರನೆಯ ಬೆಳಗ್ಗೆ ಅಕ್ಕ ಬರಿಹಣೆಯಲ್ಲಿ ನಮ್ಮ ಬಾಗಿಲಿಗೆ ಓಡಿಬಂದರು. ಕೈಯಲ್ಲಿ ಏನೋ ಜೋಲಾಡುತ್ತಿತ್ತು.

"ತಾಯಿ, ಆ ತಟ್ಟೆ ಏನ್ ಮಾಡಿದ್ರಿ?"

"ನೀವೇ ಹೇಳಿದ್ರಲ್ಲಕ್ಕ. ಹಸಕ್ಕೆ ಹಾಕ್ದೆ."

ಆಗಿದ್ದಿಷ್ಟು. ಕೈ ರೂಢಿಯಿಂದ ಅಕ್ಕ ಉಳಿದ ಹಸಿರು ತಟ್ಟೆಗಳಿಗೂ ಹಿಂದಿನ ದಿನ ನೀರು ಚಿಮುಕಿಸಿ ಗೋಣಿ ಹೊದಿಸಿಬಿಟ್ಟಿದ್ದರು. ಬೆಳಗ್ಗೆ ನೋಡಿದರೆ ಕಾಗದವೆಲ್ಲ ನೆಂದು ಹಿಟ್ಟಾಗಿ ಉದುರಿ, ತೆಳ್ಳನೆಯ ಪೊರೆಯೊಂದು ಕೈಯಲ್ಲುಳಿಯಿತು. ಅದನ್ನು ನನ್ನ ಕಣ್ಣೆದುರು ಹಿಡಿದು ಎಳೆದರು. ಹರಿಯಲಿಲ್ಲ. ಹಿಗ್ಗಿತು.

ಹಿತ್ತಿಲಿಗೆ ಓಡಿದೆವು. ಹಾಕಿದ ಮೇವು ಹಾಗೇ ಬಿದ್ದಿತ್ತು. ಅಕ್ಕ ಹಸುವಿನ ಎಡಪಕ್ಕೆಯ ಮೇಲೆ ಅಂಗೈ ಊರಿ, "ಬಿಗೀ ಐತಲ್ಲೇ ತಾಯಿ" ಎಂದರು.

ದನದ ಡಾಕ್ಟರು ಬಂದು ಎಣ್ಣೆ ಕುಡಿಸಿದರು. "ಉಬ್ಬರ ಇಳೀತೈತೆ. ಪ್ಲಾಸ್ಟಿಕ್ ಇಳಿಯಾದಿಲ್ಲ, ಒಳಗೇ ಕುಂತ್ಕಂತೈತೆ. ಗಬ್ಬದ ಹಸ, ಈಗ ಹೊಟ್ಟೆ ಕೊಯ್ಯಾಕೂ ಬರಲ್ಲ. ಮೆಲುಕು ಹಾಕ್ತೈತಾ ನೋಡ್ಕಂತಿರ್ರಿ" ಎಂದು ಹೋದರು.

ಅಕ್ಕ ಕೊಟ್ಟಿಗೆಯಲ್ಲೇ ಕೂತು ಏಜೆಂಟನಿಗೆ ಫೋನ್ ಹಚ್ಚಿದರು. ಅವನ ದನಿ ತಣ್ಣಗಿತ್ತು.

"ಕಾಗದ ಮಣ್ಣಾಗುತ್ತಕ್ಕ, ಅದನ್ನೇ ಬರ್ದಿರೋದು. ಮೇಲಿಂದು ಬರೀ ಕೋಟಿಂಗು."

"ಏನಪ್ಪ, ನಿನ್ ಕೋಟಿಂಗ್ ಉಗುಳಿ ಕಾಗದ ಅಷ್ಟೇ ನುಂಗು ಅಂತ ಹಸಕ್ಕೆ ನೀ ಬಂದು ಹೇಳ್ಕೊಡ್ತೀಯೇನಪ್ಪ?"

"ದನಕ್ಕೆ ತಿನ್ಸಿ ಅಂತ ನಾವೆಲ್ಲೂ ಬರ್ದಿಲ್ಲಕ್ಕ."

ಫೋನ್ ಇಟ್ಟು ಅಕ್ಕ ಮತ್ತೆ ಹಸುವಿನ ಪಕ್ಕೆ ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ದಿಟ ತಾಯಿ, ಅವ ಬರ್ದಿಲ್ಲ. ಬಾಯ್ಬಿಟ್ಟು ಹೇಳಿದೋಳು ನಾನು" ಎಂದರು.

ಹೊತ್ತು ಇಳಿಯುವಾಗ ಹಸು ದವಡೆ ಆಡಿಸಿತು. ನನಗೆ ಅಳು ಬಂತು. ಅಕ್ಕನ ಮುಖ ಮಾತ್ರ ತಿಳಿಯಾಗಲಿಲ್ಲ. ಮರುದಿನದಿಂದ ಅಂಗಡಿ ಮುಚ್ಚಿ, ಆ ತಟ್ಟೆ ಕೊಂಡವರ ಮನೆಗಳನ್ನು ಹುಡುಕಿಕೊಂಡು ಬಬ್ಬೂರಿನ ತನಕ ಅಲೆದರು. "ನಿಮ್ ದನ ಮೇವು ಮುಟ್ತಾವಾ?" ಎಂದು ಕೇಳುವರು. "ಎಲೆ ಅಕ್ಕ ದನದ ಡಾಕ್ಟ್ರಾಗವ್ಳೆ, ಸೂಜಿ ಎಲ್ಲವ್ವ?" ಎಂದು ನಕ್ಕವರೂ ಉಂಟು. ಅದಕ್ಕವರು ಬೇಸರಪಡಲಿಲ್ಲ. ಅವರನ್ನು ತಿನ್ನುತ್ತಿದ್ದುದು ಬಸ್ಸಿಳಿದು ಕಟ್ಟು ಕೊಂಡು ಮತ್ತೆ ಬಸ್ಸು ಹತ್ತಿದವರ ಚಿಂತೆ.

"ಮುಖ ನೆನಪೈತೆ ತಾಯಿ, ಊರು ಗೊತ್ತಿಲ್ಲ. ಹೊಸದುರ್ಗದ ಬಸ್ ನಿಂತ್ರೆ ಇಳಿಯೋರ್ನ ನೋಡಾಕೆ ಎದೆ ಹೊಡ್ಕಂತೈತೆ. ಯಾರ್ ಕೊಟ್ಟಿಗೇಲಿ ಏನಾಗೈತೋ."

ಅಂಗಡಿ ಮತ್ತೆ ತೆರೆದಾಗ ಬರೀ ಮುತ್ತುಗದ ಎಲೆ ಇಟ್ಟರು. ಆದರೆ ಕಟ್ಟು ಕೈಗಿಡುವಾಗ ಏನೂ ಹೇಳುತ್ತಿರಲಿಲ್ಲ.

ನಮ್ಮ ಹಸು ಈದಾಗ ಗಿಣ್ಣು ಮಾಡಿ ಒಯ್ದೆ. ಅಕ್ಕ ಬಟ್ಟಲನ್ನು ಹಿಂದಕ್ಕೆ ಸರಿಸಿ, "ಅದರ ಹೊಟ್ಟೇಲಿ ಇನ್ನೂ ಐತೆ. ನನ್ ಗಂಟಲಾಗೆ ಇಳಿಯಾದಿಲ್ಲ" ಎಂದರು. ಕಳೆದ ಕಾರ್ತಿಕದಲ್ಲಿ ಎದೆನೋವು ಬಂದು ಹೋಗಿಬಿಟ್ಟರು.

"ಹಸ ಚೆನ್ನಾಗೇ ಐತಲ್ರಿ, ಸುಮ್ನೆ ಯಾಕೆ ಕೊಯ್ಯಾದು?" ಎನ್ನುತ್ತಾರೆ ದನದ ಡಾಕ್ಟರು. ಹಸು ಹಾಲು ಕೊಡುತ್ತಿದೆ, ಮೊಮ್ಮಗ ಕುಡಿಯುತ್ತಾನೆ. ಸಂಜೆ ಹಾಲು ಕರೆಯುವ ಮೊದಲು ಅದರ ಎಡಪಕ್ಕೆಯ ಮೇಲೆ ಅಂಗೈ ಇಡುತ್ತೇನೆ. ಎಲ್ಲಿಡಬೇಕು, ಎಷ್ಟು ಒತ್ತಬೇಕು ಎಂದು ತೋರಿಸಿಕೊಟ್ಟವರು ಅಕ್ಕನೇ. ಮೆತ್ತಗೇ ಸಿಗುತ್ತದೆ. ಆದರೂ ಕೈ ತೆಗೆಯಲು ಧೈರ್ಯ ಬರುವುದಿಲ್ಲ.