ತನ್ನ ಎಡೆಯನ್ನು ತಾನೇ ಉಂಡ ಜವರಯ್ಯ

ಕೊತ್ತತ್ತಿಯ ಶಾಲೆಯಲ್ಲಿ ಮೇಷ್ಟರಾಗಿದ್ದಷ್ಟು ವರ್ಷವೂ ನಾನು ಮಕ್ಕಳಿಗೆ ಕೊಡುತ್ತಿದ್ದ ಮೊದಲ ಪ್ರಬಂಧ 'ನನ್ನ ಜೀವನದ ಗುರಿ'. ಅರ್ಧ ತರಗತಿ ಡಾಕ್ಟರಾಗುತ್ತಿತ್ತು, ಇನ್ನರ್ಧ ಬಸ್ ಕಂಡಕ್ಟರಾಗುತ್ತಿತ್ತು. ಎಲ್ಲರಿಗೂ ಕೆಂಪು ಶಾಯಿಯಲ್ಲಿ 'ಉತ್ತಮ ಗುರಿ' ಎಂದು ಬರೆದು ಕೊಡುತ್ತಿದ್ದ ನನ್ನ ಸ್ವಂತ ಗುರಿ ಒಂದೇ: ಸಂಜೆ ಮಂಡ್ಯದ ಬಸ್ಸು ತಪ್ಪಿಹೋಗಬಾರದು. ಇಂಥ ನನ್ನನ್ನು ಹಿಡಿದು ನಿಲ್ಲಿಸಿ, ಬದುಕೋದು ಯಾತಕ್ಕೆ ಎಂದು ಕೇಳಿದವನು ಜವರಯ್ಯ ಒಬ್ಬನೇ. ಕೇಳುವ ಅಧಿಕಾರವೂ ಅವನಿಗಿತ್ತು. ಅವನು ಆಗಲೇ ಒಮ್ಮೆ ಸತ್ತಿದ್ದ.

ಜವರಯ್ಯ ಒಕ್ಕಲು ಮನೆಯವನು. ನಾಲೆಯ ಕೆಳಗೆ ಗದ್ದೆ, ಒಂದಿಷ್ಟು ಕಬ್ಬು. ಗೇಯುವುದೆಲ್ಲ ಅಣ್ಣ ದೊಡ್ಡಸಿದ್ದಯ್ಯ. ತಮ್ಮನ ಕಸುಬು ಇಸ್ಪೀಟು. ಊರು ಅವನನ್ನು ಗುರುತಿಸುತ್ತಿದ್ದದ್ದು ಅಂಗಿಯ ಜೇಬಿನಿಂದ. ದರ್ಜಿ ಪುಟ್ಟರಾಜು ಯಾವ ಧ್ಯಾನದಲ್ಲಿದ್ದನೋ, ಅವನ ನೀಲಿ ಗೀಟಿನ ಅಂಗಿಗೆ ಜೇಬನ್ನು ಬಲಗಡೆ ಹೊಲಿದುಬಿಟ್ಟಿದ್ದ. ಬಿಚ್ಚಿ ಹೊಲಿ ಎಂದರೆ, "ಬೀಡಿ ಯಾವ ಕಡೆ ಇದ್ರೂ ಬೀಡೀನೆ ಕಣ್ಲಾ, ಓಗು" ಎಂದು ಅಟ್ಟಿದ್ದ.

ಎಪ್ಪತ್ತೊಂದರ ಆಷಾಢದಲ್ಲಿ ಮದ್ದೂರು ಸಂತೆಗೆ ಹೋದ ಜವರಯ್ಯ ಹಿಂದಿರುಗಲಿಲ್ಲ. ಕೆಲವು ದಿನ ಕಳೆದ ಮೇಲೆ ಶಿಂಷಾ ಹೊಳೆಯಲ್ಲಿ ಒಂದು ಹೆಣ ಸಿಕ್ಕಿದೆ ಎಂದು ಸುದ್ದಿ ಬಂತು. ದೊಡ್ಡಸಿದ್ದಯ್ಯ ಹೋಗಿ ನೋಡಿದ. ಮುಖ ಎನ್ನುವಂಥದ್ದನ್ನು ನೀರು ಉಳಿಸಿರಲಿಲ್ಲ. ಅಂಗಿಯನ್ನು ಉಳಿಸಿತ್ತು. ನೀಲಿ ಗೀಟು, ಬಲಗಡೆ ಜೇಬು. ಅವನು ತಲೆಯ ಮೇಲೆ ಕೈಹೊತ್ತು ಕೂತ. ಗಾಡಿಯಲ್ಲಿ ತಂದು, ಕಬ್ಬಿನ ಹೊಲದ ಬದುವಿನಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು. ಜವರಯ್ಯನ ಹೆಂಡತಿ ಮಲ್ಲಿಗಮ್ಮ ಬಳೆ ಒಡೆದುಕೊಂಡಳು. ನಾನೂ ನಾಲ್ಕು ಮಾತು ಆಡಿದೆ, ಪ್ರಬಂಧದ ಶೈಲಿಯಲ್ಲೇ.

ಆಮೇಲೆ ಪಿತೃಪಕ್ಷ ಬಂತು. ಈ ಕಡೆಯ ಒಕ್ಕಲು ಮನೆಗಳಲ್ಲಿ ಆಗ ಸತ್ತವರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಯೆಲೆ. ಬದುಕಿದ್ದಾಗ ಯಾರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಅವರ ಎಲೆಯ ಮೇಲೆ. ಪಕ್ಕದಲ್ಲಿ ಹೊಸ ಬಟ್ಟೆ. ದೀಪ ಹಚ್ಚಿ ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಜಗುಲಿಯಲ್ಲಿ ಕೂರುತ್ತಾರೆ, ಹಿರಿಯರು ಬಂದು ಸಂಕೋಚವಿಲ್ಲದೆ ಉಂಡು ಹೋಗಲಿ ಎಂದು. ನಮ್ಮ ಬ್ರಾಹ್ಮಣರ ಮನೆಗಳಲ್ಲಿ ಈ ಸೌಕರ್ಯವಿಲ್ಲ. ಶ್ರಾದ್ಧದ ಅಡಿಗೆ ಏನೆಂಬುದು ಎಂದೋ ತೀರ್ಮಾನವಾಗಿದೆ. ಸತ್ತವನ ನಾಲಿಗೆಯನ್ನು ಯಾರೂ ವಿಚಾರಿಸುವುದಿಲ್ಲ.

ಆ ಸಂಜೆ ಹೊತ್ತು ಮುಳುಗುವಾಗ ನಾನೂ ಆ ಜಗುಲಿಯಲ್ಲಿದ್ದೆ. ಒಂದು ಬಾಳೆಹಣ್ಣಿನ ಮರ್ಯಾದೆಗೆ ಕರೆದಿದ್ದರು. ಸ್ವಲ್ಪ ಹೊತ್ತು ಬಿಟ್ಟು ದೊಡ್ಡಸಿದ್ದಯ್ಯ ಕೆಮ್ಮಿ, ಕದ ತಟ್ಟಿ, ನಿಧಾನವಾಗಿ ಬಾಗಿಲು ತೆರೆದ.

ಒಳಗೆ ಜವರಯ್ಯ ಕೂತು ಉಣ್ಣುತ್ತಿದ್ದ.

ಹೊಸ ಅಂಗಿ ತೊಟ್ಟಿದ್ದ. ಧೂಪದ ಹೊಗೆಯಲ್ಲಿ ಅವನ ಮುಖ ಅಷ್ಟಷ್ಟೇ ಕಾಣುತ್ತಿತ್ತು. ಯಾರೂ ಕಿರುಚಲಿಲ್ಲ. ಸತ್ತವರು ಬರಲಿ ಎಂದೇ ಅಲ್ಲವೇ ಬಾಗಿಲು ಮುಚ್ಚಿದ್ದು. ಬಂದಮೇಲೆ ಕಿರುಚುವುದು ಹೇಗೆ? ಅವನ ತಾಯಿ ಸಣ್ಣತಾಯಮ್ಮ ಮಾತ್ರ ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಮೆಲ್ಲನೆ ಹೇಳಿದಳು: "ನಿಧಾನ್ಕೆ ಉಣ್ಣು ಮಗ."

ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. "ಸಾರ್ಗೆ ಉಪ್ಪು ಸಾಲ್ದು ಕಣೆ."

ಮಲ್ಲಿಗಮ್ಮ ಅವನನ್ನು ಒಂದು ಗಳಿಗೆ ದಿಟ್ಟಿಸಿ, ಅತ್ತೆಗೆ ಹೇಳಿದಳು: "ಏಳತ್ತೆ, ಇವ್ನು ಸತ್ತಿಲ್ಲ. ಸತ್ತೋರು ಇಕ್ಕಿದ್ದ ಉಂಡ್ಕೊಂಡು ಓಯ್ತಾರೆ."

ನಡೆದದ್ದು ಇಷ್ಟು. ಮದ್ದೂರಿನಲ್ಲಿ ಹುಣಸೆಮರದ ಕೆಳಗೆ ಗುರುತಿಲ್ಲದ ಒಬ್ಬನ ಜೊತೆ ಇಸ್ಪೀಟಿಗೆ ಕೂತ ಜವರಯ್ಯ ಕೊನೆಗೆ ತೊಟ್ಟ ಅಂಗಿಯನ್ನೇ ಪಣಕ್ಕಿಟ್ಟು ಸೋತಿದ್ದ. ಗೆದ್ದವನು ಅದನ್ನು ಅಲ್ಲೇ ತೊಟ್ಟುಕೊಂಡು ಹೊಳೆಯ ಕಡೆ ಹೋದ. ಬರಿಮೈಯಲ್ಲಿ ಹೆಂಡತಿಗೆ ಮುಖ ತೋರಿಸಲಾರದೆ ಇವನು ಬೆಲ್ಲದ ಲಾರಿ ಹತ್ತಿ ಕೊಡಗಿನ ತೋಟಗಳ ಕಡೆ ಹೋದ. ಅಷ್ಟರಲ್ಲಿ ಗೆದ್ದವನನ್ನು ಹೊಳೆ ಗೆದ್ದಿತ್ತು. ಈಗ ಊರಿಗೆ ಬಂದು, ನಾಚಿಕೆಗೆ ಹಿತ್ತಿಲ ಬಾಗಿಲಿಂದ ನುಗ್ಗಿದರೆ, ಮನೆಯಲ್ಲಿ ಯಾರೂ ಇಲ್ಲ, ಎಲೆಯ ತುಂಬ ಅನ್ನ.

ಮಲ್ಲಿಗಮ್ಮ ಮತ್ತೆ ಬಳೆ ತೊಟ್ಟಳು. ಠಾಣೆಗೆ ತಿಳಿಸಿದರು, ಅವರು ಬರೆದುಕೊಂಡರು. ಊರಿಗೆ ಇದು ವರ್ಷಪೂರ್ತಿ ನಗುವ ಸರಕಾಯಿತು. ನಗದೆ ಉಳಿದವನು ಜವರಯ್ಯ.

ಒಂದು ದಿನ ಶಾಲೆಯ ಕಟ್ಟೆಯ ಮೇಲೆ ಬಂದು ಕೂತ. "ಮೇಸ್ಟ್ರೆ, ಅಪ್ಪನ ಎಲೆ ಮೇಲೆ ಏನಿಕ್ಕಿದ್ರು ನೋಡುದ್ರಾ? ಅವ್ನು ಬೆಳೀತಿದ್ದ ಸಣ್ಣಬತ್ತದ ತೆನೆ. ಅಜ್ಜೀದ್ರ ಮ್ಯಾಲೆ ಅವ್ಳು ಊರ ಮಕ್ಳಿಗೆಲ್ಲ ಅರೆದು ಕುಡಿಸ್ತಿದ್ದ ಬಜೆಬೇರು. ನಂದ್ರ ಮ್ಯಾಲೆ?"

ನಾನು ನೋಡಿದ್ದೆ. ಒಂದು ಕಟ್ಟು ಬೀಡಿ, ಸಾರಾಯಿ ಸೀಸೆ, ಒಂದು ಪ್ಯಾಕು ಇಸ್ಪೀಟು.

"ಅಷ್ಟೇನಾ ನಾನು?" ಎಂದ. "ಮನುಸ್ಯ ಬದುಕೋದು ಯಾತಕ್ಕೆ ಮೇಸ್ಟ್ರೆ? ನೀವು ಮಕ್ಳಿಗೆ ಬರೆಸ್ತೀರಲ್ಲ, ಏಳಿ."

ಸಂಜೆಯ ಬಸ್ಸಿಗೆ ಹೊತ್ತಾಗಿದೆ ಎಂದು ನಾನು ಎದ್ದೆ. ಮನೆಗೆ ಹೋದವನು ಸುಮ್ಮನಿರದೆ, ನನ್ನ ಹೆಂಡತಿ ರಂಗನಾಯಕಿಯನ್ನು ಕೇಳಿದೆ: ನಮ್ಮಲ್ಲೂ ಹಾಗೆ ಇಡುವ ಪದ್ಧತಿ ಇದ್ದಿದ್ದರೆ ನನಗೆ ಏನಿಡುತ್ತಿದ್ದೆ? ಅವಳು ಯೋಚನೆ ಕೂಡ ಮಾಡಲಿಲ್ಲ. "ನಿಮಗಾ? ಪೇಪರು ಮಡಿಸಿಟ್ಟು, ಮೇಲೊಂದು ಚಿಟಿಕೆ ನಸ್ಯ. ಇನ್ನೇನು ಮಾಡಿದೀರಿ ನೀವು?" ಆ ಸಂಜೆ ನಾನು ಪೇಪರು ಓದಲಿಲ್ಲ. ನಸ್ಯ ಮಾತ್ರ ಹಾಕಿದೆ.

ಜವರಯ್ಯ ಇಸ್ಪೀಟು ಬಿಟ್ಟ. ಅಣ್ಣನ ಜೊತೆ ಗದ್ದೆಗೆ ಇಳಿದ. ಪ್ರತಿ ಪಿತೃಪಕ್ಷಕ್ಕೆ ಮುಂಚೆ ಹೆಂಡತಿಯನ್ನು ಕೇಳುವುದು ಅವನ ಒಂದು ವ್ರತವೇ ಆಯಿತು.

"ಈಗ ನಾ ಸತ್ರೆ ಎಲೆಗೇನಿಕ್ತೀಯೆ?"

"ಬೀಡಿ."

ಬೀಡಿಯನ್ನೂ ಬಿಟ್ಟು ಮರುವರ್ಷ ಕೇಳಿದ.

"ಬೀಡಿ."

"ಬುಟ್ಬುಟ್ಟಿವ್ನಲ್ಲೆ."

"ಅದ್ಕೇಯ. ಬದುಕಿದ್ದಾಗ ಸಿಗ್ದಿದ್ದು ಸತ್ತಮ್ಯಾಲಾದ್ರೂ ಸಿಗ್ಲಿ ಬುಡು."

ಆದರೆ ಅವನನ್ನು ಕಾಡುತ್ತಿದ್ದದ್ದು ತನ್ನ ಎಲೆಯಷ್ಟೇ ಅಲ್ಲ. ಕಬ್ಬಿನ ಹೊಲದ ಬದುವಿನಲ್ಲಿ, ತನಗೆಂದು ತೋಡಿದ ಜಾಗದಲ್ಲಿ ಇನ್ನೊಬ್ಬ ಮಲಗಿದ್ದ. ಗಾಳಿ ಬೀಸಿದಾಗ ಕಬ್ಬಿನ ಒಣಗರಿಗಳು ಒಂದಕ್ಕೊಂದು ಉಜ್ಜಿ ಸರಸರ ಎನ್ನುತ್ತವಲ್ಲ, ಅದು ಅವನಿಗೆ ಯಾರೋ ಇಸ್ಪೀಟು ಕಲೆಸಿದಂತೆ ಕೇಳುತ್ತಿತ್ತು. ನಡುಮಧ್ಯಾಹ್ನದಲ್ಲೂ ಕೆಲಸ ಬಿಟ್ಟು ನಿಂತುಬಿಡುತ್ತಿದ್ದ. "ಎಲೆ ಆಕ್ತಾವ್ನೆ, ಕೂತ್ಕೋ ಅಂತಾವ್ನೆ" ಎನ್ನುತ್ತಿದ್ದ. ನಾನು ಅದು ಗಾಳಿ ಎಂದು ವಿವರಿಸಿ, ವಿವರಿಸಿದ ಮೇಲೆ ಆ ಬದುವಿನ ದಾರಿ ಬಿಟ್ಟು ರಸ್ತೆಯ ಕಡೆಯಿಂದ ಬಸ್ಸಿಗೆ ಹೋಗತೊಡಗಿದೆ.

"ಅವತ್ತು ಮದ್ದೂರಲ್ಲಿ ಮಧ್ಯಾನ್ದಿಂದ ಸಂಜೆಗಂಟ ಎದ್ರಾಬದ್ರಾ ಕುಂತಿದ್ವಿ ಮೇಸ್ಟ್ರೆ. ಎಸರು ಕೇಳ್ಲಿಲ್ಲ. ಎಡಗೈಲಿ ಎಲೆ ಆಕ್ತಿದ್ದ. ಪಕ್ಕದಲ್ಲಿ ಒಂದು ಪೊಟ್ಟಣ ಕಡ್ಲೆಪುರಿ ಇಟ್ಕಂಡಿದ್ದ. ನಾ ಕೈ ಆಕುದ್ರೆ, ಅದ ಮುಟ್ಬ್ಯಾಡ, ಅವ್ವನ್ಗೆ ಅಂದ."

ಎಲ್ಲೋ ಒಬ್ಬ ಅವ್ವ ಇದ್ದಾಳೆ. ಮಗನಿಗೆ ಎಡೆ ಇಡಬೇಕು ಎನ್ನುವುದೇ ಅವಳಿಗೆ ಗೊತ್ತಿಲ್ಲ. ಆದ್ದರಿಂದ ಪ್ರತಿ ವರ್ಷ ಆ ಹೆಸರಿಲ್ಲದವನಿಗೂ ಒಂದು ಎಲೆ ಹಾಕಿ, ಜವರಯ್ಯ ತನಗೆ ಗೊತ್ತಿದ್ದ ಒಂದೇ ವಸ್ತುವನ್ನು ಇಡುತ್ತಿದ್ದ: ಕಡ್ಲೆಪುರಿ. ಅವಳನ್ನು ಹುಡುಕಿ, ನಿನ್ನ ಮಗ ನಮ್ಮ ಹೊಲದಲ್ಲಿದ್ದಾನೆ ಎಂದು ಹೇಳುವ ತನಕ ತನ್ನ ಎಲೆಯ ಮೇಲೆ ಬೀಡಿಯಲ್ಲದೆ ಬೇರೇನೂ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು. ಸಂತೆಯಿಂದ ಸಂತೆಗೆ ಅಲೆದ. ಎಡಗೈಯಲ್ಲಿ ಇಸ್ಪೀಟು ಆಡುವವನ ತಾಯಿ ಬೇಕು ಎಂದರೆ ಜನ ಏನನ್ನುತ್ತಾರೆ? "ಬಲಗೈಯವಳು ಅವ್ಳೆ, ಆಯ್ತದಾ?" ಎನ್ನುತ್ತಿದ್ದರು.

ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಓಡುತ್ತಿವೆ ಎಂದು ಪೇಪರಿನಲ್ಲಿ ಓದಿದೆ. ಮಳವಳ್ಳಿ ಬಸ್ಸು ಪೇಪರು ಓದಿರಲಿಲ್ಲ. ಅದನ್ನು ಕಾಯುತ್ತ ಜವರಯ್ಯ ಮಳವಳ್ಳಿಯ ಒಂದು ಟೀ ಅಂಗಡಿಯಲ್ಲಿ ಕೂತು ಎಂದಿನ ಪ್ರಶ್ನೆ ಕೇಳಿದಾಗ, ಅಂಗಡಿಯ ಮರಿಸಿದ್ದಯ್ಯ, "ಎಡಚ ಅಂದ್ರಾ? ಕೆರೆ ಪಕ್ಕದ ಮಂಚಮ್ಮನ ಮಗ ಒಬ್ಬ ಇದ್ದ ಕಣಯ್ಯ. ಮದ್ದೂರ್ಗೆ ಓದೋನು ಅಂಗೇ ಓದ" ಎಂದನಂತೆ.

ಹೇಳುವುದಕ್ಕೆ ಓದಿದವರು ಇರಲಿ ಎಂದು ಜವರಯ್ಯ ಮುಂದಿನ ಭಾನುವಾರ ನನ್ನನ್ನೂ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಪಡಿಸಿದೆ. ಅದರಲ್ಲಿ ಸತ್ಯ, ಧೈರ್ಯ, ವಿಧಿ ಮೂರೂ ಇದ್ದವು. ಮಂಚಮ್ಮ ಅಂಗಳ ಗುಡಿಸುತ್ತಿದ್ದಳು. ಬೆನ್ನು ಬಾಗಿದ ಮುದುಕಿ. ಗುಡಿಸುವ ರಭಸ ಮಾತ್ರ ಹೊಸ ಸೊಸೆಯದು. ಒಳಗೆ ಒಲೆಯ ಪಕ್ಕ ಒಂದು ತಟ್ಟೆ ಕವುಚಿಟ್ಟಿತ್ತು.

"ಮಗುಂದು," ಎಂದಳು. "ದಿನಾ ಬೆಳಿಗ್ಗೆ ಅವ್ನ ಪಾಲ್ದು ಒಂದು ಮುದ್ದೆ ಕಟ್ಟಿ ಮುಚ್ಚಿಡ್ತೀನಿ. ಅದಿಲ್ದಿದ್ರೆ ನಾನ್ಯಾಕಪ್ಪ ಏಳ್ಲಿ? ಆಸ್ಗೇಲೇ ಬಿದ್ದಿರ್ತಿದ್ದೆ."

ನಾನು ಭಾಷಣವನ್ನು ಮಡಿಸಿ ಒಳಗಿಟ್ಟೆ. ಜವರಯ್ಯ ಚೀಲದಿಂದ ಪೊಟ್ಟಣ ತೆಗೆದ. "ನಿಮ್ಮಗ ಕಳ್ಸವ್ನೆ ಕಣವ್ವ. ಕಡ್ಲೆಪುರಿ. ಕೊಡಗಲ್ಲಿ ತೋಟ್ದಲ್ಲವ್ನೆ. ನಾನೂ ಅಲ್ಲಿದ್ದೆ."

ಅವಳು ಪೊಟ್ಟಣ ಬಿಚ್ಚಿ, ಮೊದಲು ನಮಗೇ ಒಂದೊಂದು ಹಿಡಿ ಕೊಟ್ಟಳು. ಸತ್ಯ ಹೇಳಲು ಹೋಗಿದ್ದ ನಾನು ಪುರಿ ತಿಂದು ಬಂದೆ.

ಅಂದಿನಿಂದ ಜವರಯ್ಯ ಸಂತೆ ಸಂತೆಗೂ ಮಳವಳ್ಳಿಗೆ ಹೋಗತೊಡಗಿದ. ಪೊಟ್ಟಣ, ಒಂದು ಸುಳ್ಳು, ಆ ಮನೆಯ ಸೂರಿನ ಗರಿ ಸರಿಮಾಡುವುದು, ಸೌದೆ ಒಡೆಯುವುದು. ಹೋಗದಿದ್ದರೆ ಕಬ್ಬಿನ ಹೊಲದಲ್ಲಿ ಇಸ್ಪೀಟು ಜೋರಾಗುತ್ತಿತ್ತಂತೆ. ಅವನೇ ಒಮ್ಮೆ ಅಂದ: "ನನ್ನೊಳ್ಗೆ ಅವ್ನು ಕುಂತವ್ನೆ ಮೇಸ್ಟ್ರೆ. ಅವ್ನ ಗುಂಡೀಲಿ ಸತ್ತಿರೋನು ನಾನೇ ಏನೋ." ನಾನು ನಗಲು ನೋಡಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಆಗಲಿಲ್ಲ.

ಎಪ್ಪತ್ತೆಂಟರ ಪಿತೃಪಕ್ಷಕ್ಕೆ ಮುಂಚೆ ಎಂದಿನಂತೆ ಸೌದೆ ಒಡೆದು ಹೊರಟವನನ್ನು ಮಂಚಮ್ಮ ಕೂಗಿ ನಿಲ್ಲಿಸಿದಳಂತೆ. ಅವನು ಅದನ್ನು ನನಗೆ ಹೇಳಿದಾಗ ಧ್ವನಿ ಪಿಸುಮಾತಿಗೆ ಇಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನನ್ಮಗುನ್ಗೆ ಯಾರಾದ್ರೂ ಎಡೆ ಇಕ್ತಾರೇನಪ್ಪ?"

ಜವರಯ್ಯ ಕೊಡಲಿ ಕೆಳಗಿಟ್ಟ. "ಇಕ್ತೀನಿ ಕಣವ್ವ. ನಮ್ಮ ಅಪ್ಪನ ಪಕ್ಕದಲ್ಲೇ ಅವ್ನೆ."

"ಏನಿಕ್ತೀಯಪ್ಪ?"

"ಕಡ್ಲೆಪುರಿ."

"ಅದು ನಂಗಿಷ್ಟ ಕಣಪ್ಪ. ಅವ್ನು ಬಾಯ್ಗೇ ಇಕ್ತಿರ್ಲಿಲ್ಲ," ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ನಿಗೆ ಸುಟ್ಟಗೆಣಸು. ಇಷ್ಟ್ ವರ್ಸ ಉಪಾಸ ಎದ್ದೋಯ್ತಾವ್ನೆ ಅನ್ನು."

"ಯಾವಾಗ ಗೊತ್ತಾಯ್ತವ್ವ ನಿಂಗೆ?"

"ನೀ ಮೊದ್ಲು ಬಂದ ದಿನ್ವೆ. ಬದುಕಿರೋ ಮಗ ಪುರಿ ಕಳ್ಸ್ತಾನಾ? ತಾನೇ ತತ್ತಾನೆ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳುದ್ರೆ ನೀ ಬರೋದು ನಿಂತೋಗ್ತಿತ್ತು."

ಅವಳು ಒಲೆಯ ಕೆಂಡದಿಂದ ಗೆಣಸು ಕೆದಕಿ ತೆಗೆದು, ಬೂದಿ ಕೊಡವಿ, ಎಲೆಯಲ್ಲಿ ಸುತ್ತಿ ಕೊಟ್ಟಳು. ಮಗ ಮಲಗಿರುವ ಜಾಗಕ್ಕೆ ಬಾ ಎಂದು ಕರೆದರೆ ಒಪ್ಪಲಿಲ್ಲ. "ಅಲ್ಲಿ ನೋಡುದ್ರೆ ಸತ್ತಂಗಾಯ್ತದೆ. ನಾ ಬರಾಕಿಲ್ಲ. ಬೆಳಿಗ್ಗೆ ಮುದ್ದೆ ಕಟ್ಬೇಕು. ನೀ ಬತ್ತಾ ಇರು."

ಆ ವರ್ಷದ ಎಡೆಗೆ ನಾನೂ ಹೋಗಿದ್ದೆ. ಸುಟ್ಟಗೆಣಸನ್ನು ಜವರಯ್ಯ ತನ್ನ ಕೈಯಾರೆ ಎಲೆಯ ಮೇಲಿಟ್ಟ. ಪಕ್ಕದಲ್ಲಿ ಒಂದು ಹೊಸ ಅಂಗಿ. ಪುಟ್ಟರಾಜು ಜೇಬನ್ನು ಯಾರೂ ಹೇಳದೆಯೇ ಬಲಗಡೆ ಹೊಲಿದಿದ್ದ. ಬಾಗಿಲು ಮುಚ್ಚಿ ಎಲ್ಲರೂ ಜಗುಲಿಯಲ್ಲಿ ಕೂತೆವು. ಈ ಸಲ ಜವರಯ್ಯ ಹೆಂಡತಿಯನ್ನು ಏನೂ ಕೇಳಿರಲಿಲ್ಲ. ಮಲ್ಲಿಗಮ್ಮನೇ ಎಲೆಯಡಿಕೆ ಮೆಲ್ಲುತ್ತ, ಅಂಗಳದ ಕಡೆ ನೋಡಿಕೊಂಡು ಹೇಳಿದಳು: "ನೀ ಸತ್ರೆ ಮಳವಳ್ಳಿ ಮುದುಕೀನ ಕೇಳ್ತೀನಿ. ಅವ್ಳು ಏನಿಕ್ಕು ಅಂತಾಳೋ ಅದ ಇಕ್ತೀನಿ. ನಂಗೆ ತಿಳ್ಯಾಕಿಲ್ಲ."

ಮನೆಯ ಹಿಂದೆ ಕಬ್ಬಿನ ಗರಿ ಸರಸರ ಎಂದಿತು, ನಿಂತಿತು. ಕದ ತಟ್ಟುವ ಹೊತ್ತಾಗಿ ಹೋಗಿತ್ತು. ದೊಡ್ಡಸಿದ್ದಯ್ಯ ಏಳಲಿಲ್ಲ, ಬೇರೆ ಯಾರೂ ಏಳಲಿಲ್ಲ. ನಾನು ಸಂಜೆಯ ಬಸ್ಸು ಹೋದ ಸದ್ದು ಕೇಳಿಯೂ ಕೂತೇ ಇದ್ದೆ. ಸಣ್ಣತಾಯಮ್ಮ ಮಾತ್ರ ತೆವಳಿಕೊಂಡು ಮುಚ್ಚಿದ ಬಾಗಿಲಿನ ಹತ್ತಿರ ಹೋಗಿ, ಹೊಸ್ತಿಲಿಗೆ ಬಾಯಿ ಇಟ್ಟು ಹೇಳಿದಳು:

"ನಿಧಾನ್ಕೆ ಉಣ್ಣು ಮಗ."