ಹದಿನೇಳನೇ ಅಧ್ಯಾಯ ಕೆಟ್ಟಿರಲಿಲ್ಲ

ಮೇಷ್ಟ್ರೇ, ನಿಮ್ಮ ಆತ್ಮಕಥೆಯ ಹದಿನೇಳನೇ ಅಧ್ಯಾಯ ಕೆಟ್ಟುಹೋಗಿರಲಿಲ್ಲ. ನಾನೇ ಅಳಿಸಿದೆ. ಇಷ್ಟು ಬರೆಯಲು ಮೂರು ವರ್ಷ ಬೇಕಾಯಿತು. ಅಳಿಸಲು ಎರಡು ಸೆಕೆಂಡೂ ಹಿಡಿದಿರಲಿಲ್ಲ.

ಅಂದು ಆನ್ ಆಗದ ನಿಮ್ಮ ಕಂಪ್ಯೂಟರನ್ನು ಆಟೋದಲ್ಲಿ ಕೂರಿಸಿ, ಮೇಲೊಂದು ದುಪ್ಪಟಿ ಹೊದಿಸಿ, ಸಾಸ್ವೆಹಳ್ಳಿ ಬಸ್ ನಿಲ್ದಾಣದೆದುರಿನ ನನ್ನ ರಿಪೇರಿ ಅಂಗಡಿಗೆ ತಂದಿರಿ. "ಶಬೀನಾ, ಯಂತ್ರ ಹೋದ್ರೆ ಹೋಗ್ಲಿ. ಒಳಗೆ ನನ್ನ ಇಡೀ ಜೀವನ ಐತೆ, ಅದನ್ನ ತೆಗೆದುಕೊಡವ್ವ" ಎಂದಿರಿ. ಬಿಚ್ಚಿ ನೋಡಿದರೆ ಒಳಗೆ ಒಂದು ಹಿಡಿ ಮೆಕ್ಕೆಜೋಳ! ಇಲಿ ನಿಮ್ಮ ಜೀವನದ ಪಕ್ಕದಲ್ಲೇ ಸಂಸಾರ ಹೂಡಿ, ವೈರುಗಳನ್ನೆಲ್ಲ ಕಡಿದು ಹಾಕಿತ್ತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಮುಟ್ಟಿರಲಿಲ್ಲ. ಅದನ್ನು ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಇಪ್ಪತ್ತೆರಡು ಅಧ್ಯಾಯಗಳೂ ಒಂದು ಕೊಂಬು, ದೀರ್ಘ ಹೋಗದಂತೆ ಬಂದವು.

ಸರಿಯಾಗಿ ತೆರೆಯುತ್ತವೆಯೇ ಎಂದು ಒಂದೊಂದನ್ನೇ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ನನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಸಿಕ್ಕಿತು. "ಉತ್ತರಪತ್ರಿಕೆಗಳ ಚೀಲದ ಸಮೇತ ನನ್ನ ಸೈಕಲ್ಲನ್ನು ನಾಲೆಗೆ ದಬ್ಬಿದವಳು ಏಳನೇ ತರಗತಿಯ ಶಬೀನಾ ಎಂಬುದು ನನಗೆ ಅಂದೇ ಗೊತ್ತಿತ್ತು."

ಇಪ್ಪತ್ತೈದು ವರ್ಷ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ! ಗಣಿತದಲ್ಲಿ ಬರಬಹುದಾದ ಅಂಕಕ್ಕೆ ಹೆದರಿ ಮಾಡಿದ ಕೆಲಸ ಅದು. ಸೈಕಲ್ ಮುಂದಿನ ತೂಬಿನ ಹತ್ತಿರ ಸಿಕ್ಕಿತು, ಪತ್ರಿಕೆಗಳು ಸಿಗಲಿಲ್ಲ. ನೀವು ಇಡೀ ತರಗತಿಗೆ ಮತ್ತೆ ಪರೀಕ್ಷೆ ಕೊಟ್ಟಿರಿ, ನನಗೆ ಇಪ್ಪತ್ತೈದಕ್ಕೆ ನಾಲ್ಕು ಬಂತು.

ಆ ಸಾಲು ಓದುವ ಹೊತ್ತಿಗೆ ನಾನು ಅದೇ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ. ಹಿಂದಿನ ವಾರವಷ್ಟೇ ಮಕ್ಕಳ ಮುಂದೆ ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಕೊರೆದು ಬಂದಿದ್ದೆ. ಪುಸ್ತಕ ಅಚ್ಚಾದರೆ — ಊರವರು ಓದಿದರೆ — ಮುಂದಿನ ಸಾಲು ಓದುವ ಧೈರ್ಯ ಬರಲಿಲ್ಲ. ಅಳಿಸಿದೆ. ಉಳಿದವನ್ನು ಪೆನ್ ಡ್ರೈವಿಗೆ ಹಾಕಿ, ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿ, ಹೊಸ ವೈರು ಹಾಕಿ ನಿಮ್ಮ ಯಂತ್ರಕ್ಕೇ ಮತ್ತೆ ಜೋಡಿಸಿದೆ.

"ಹದಿನೇಳನೇದೊಂದು ಬರ್ಲಿಲ್ಲ ಸರ್, ಡಿಸ್ಕಲ್ಲಿ ಆ ಜಾಗ ಕೆಟ್ಟೈತೆ" ಎಂದೆ. ನೀವು ನನ್ನನ್ನೇ ಸಮಾಧಾನ ಮಾಡಿದಿರಿ. "ಇಪ್ಪತ್ತೆರಡಕ್ಕೆ ಇಪ್ಪತ್ತೊಂದು ತೆಗೆದೀಯಲ್ಲವ್ವ! ನನ್ನ ಕ್ಲಾಸಿನಾಗೆ ಯಾವತ್ತಾದ್ರೂ ಇಷ್ಟು ತಗೊಂಡಿದ್ದಾ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ — ನಾಚಿಕೆಗೆಟ್ಟವಳು.

ಹೋದ ತಿಂಗಳು ನೀವು ಪುಸ್ತಕದ ಪುಟ ಜೋಡಿಸಲು ನನಗೇ ಕೊಟ್ಟಿರಿ. ಹದಿನೇಳನೆಯದು ಖಾಲಿ ಇತ್ತು. ಕೇಳಿದೆ. "ಮೂರು ಸಲ ಬರಿಯಾಕೆ ಕೂತೆ ಕಣವ್ವ. ನೀನು ಸೈಕಲ್ ದಬ್ಬಿದ್ದು ನೆನಪೈತೆ. ಆಮೇಲೆ ನಿನ್ನ ಬಗ್ಗೆ ನಾಲ್ಕು ಪುಟ ಬರೆದಿದ್ದೆ, ಅದು ಹೆಂಗೆ ಬರೆದೆ ಅಂತ ನೆನಪಿಗೆ ಬರ್ತಾನೇ ಇಲ್ಲ. ವಯಸ್ಸಾತು ನೋಡು. ಚೆನ್ನಾಗಿ ಬಂದಿತ್ತು, ಅಷ್ಟು ಗೊತ್ತು."

ನಾಲ್ಕು ಪುಟ! ನಾನು ಓದಿದ್ದು ಒಂದು ಸಾಲು.

ಅಂದೇ ಧೂಳು ಹೊಡೆದುಕೊಡುತ್ತೇನೆಂದು ನಿಮ್ಮ ಕಂಪ್ಯೂಟರನ್ನು ಮತ್ತೆ ಅಂಗಡಿಗೆ ತಂದೆನಲ್ಲ, ಅದೂ ಸುಳ್ಳೇ. ಮೂರು ದಿನ ಆ ಫೈಲಿಗಾಗಿ ಹುಡುಕಿದೆ. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಮುಗಿಯಿತು. ಹೊನ್ನಾಳಿ, ನ್ಯಾಮತಿಯಿಂದ ಹಿಡಿದು ಚನ್ನಗಿರಿಯವರೆಗೆ ಕೆಟ್ಟ ಡಿಸ್ಕುಗಳು ಬರುವುದು ನನ್ನ ಬಳಿಗೆ. ಹೋದ ಫೈಲು ಶಬೀನಾ ಕೈಗೆ ಸಿಗದೆ ಇರುವುದಿಲ್ಲ ಎಂದು ಜನ ಹೇಳುತ್ತಾರೆ. ಕೊನೆಗೆ 'ಹದಿನೇಳು' ಎಂಬ ಹೆಸರೇನೋ ಸಿಕ್ಕಿತು. ತೆರೆದರೆ ಒಳಗೆ ಅಕ್ಷರಗಳ ಬದಲು ಬರೀ ಚೌಕಗಳು. ಡಿಸ್ಕಿನಲ್ಲಿ ಅದಿದ್ದ ಜಾಗದ ಮೇಲೆ ನಿಮ್ಮ ಮೊಮ್ಮಕ್ಕಳು ಮೂರು ವರ್ಷದಿಂದ ಆಟಗಳನ್ನು ತುಂಬಿದ್ದರು.

ನನ್ನ ಬಗ್ಗೆ ಯಾರಾದರೂ ಬರೆದದ್ದು ಈ ಜನ್ಮದಲ್ಲಿ ಅದೊಂದೇ, ಮೇಷ್ಟ್ರೇ. ಬೈದಿದ್ದಿರೋ, ಹೊಗಳಿದ್ದಿರೋ... ಅದಕ್ಕಾಗಿ ಅಳು ಬರುತ್ತದೆ. ಆದರೆ ಅದು ನನ್ನ ನಷ್ಟ. ನಿಮಗೆ ನಿಮ್ಮ ನೆನಪಿನ ಮೇಲೇ ಅನುಮಾನ ಬರುವಂತೆ ಮಾಡಿದೆನಲ್ಲ, ಅದಕ್ಕೆ ಕ್ಷಮೆ ಕೇಳಲೂ ಬಾಯಿ ಬರುವುದಿಲ್ಲ.

ನಾಳೆ ಪ್ರೂಫ್ ತರುತ್ತೇನೆ. ಹದಿನೇಳನೆಯ ಜಾಗದಲ್ಲಿ ಈ ಕಾಗದ ಇರುತ್ತದೆ. ಅಚ್ಚಿಗೆ ಕೊಡುವುದೋ, ಹರಿದು ಹಾಕುವುದೋ ನೀವೇ ಹೇಳಿ. ನೀವು ಓದಿ ಮುಗಿಸುವವರೆಗೆ ನಾನು ಎದುರಿಗೇ ಕೂತಿರುತ್ತೇನೆ.